ಮೇಷ್ಟ್ರ ನಕ್ಷೆ ಮತ್ತು ಲಾಲ್‌ಬಾಗಿನ ಜರ್ಮನ್ ತೋಟಗಾರ

ಮಗಳ ಪಿಯುಸಿ ಪ್ರವೇಶದ ಅರ್ಜಿ ತುಂಬುತ್ತಾ ಕೂತಿದ್ದೆವು. ತಂದೆಯ ಹೆಸರು, ತಾಯಿಯ ಹೆಸರು, ಮಾತೃಭಾಷೆ, ಮನೆ ವಿಳಾಸ ಎಲ್ಲ ಸರಾಗವಾಗಿ ಮುಗಿಯಿತು. 'ಸ್ವಂತ ಊರು' ಎಂಬ ಜಾಗಕ್ಕೆ ಬಂದಾಗ ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. "ಇಲ್ಲಿ ಏನು ಬರೀಲಿ ಅಬ್ಬಾ?" ಎಂದು ಕೇಳಿದಳು. ನಾನು ತಕ್ಷಣ ಉತ್ತರ ಕೊಡಲಿಲ್ಲ. ನನಗೆ ಭೂಗೋಳದ ಮೇಷ್ಟ್ರು ನೆನಪಾದರು.

ಇಪ್ಪತ್ತೆಂಟು ವರ್ಷಗಳ ಹಿಂದಿನ ಮಾತು ಇದು. 1997ರಲ್ಲಿ ನಾನು ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿಗೆ ಬಿ.ಎ. ಓದಲು ಸೇರಿದೆ. ನಮ್ಮ ಮನೆ ಬನಶಂಕರಿಯ ಯಾರಬ್ ನಗರದಲ್ಲಿತ್ತು. ಅಬ್ಬಾ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಹಾಗಾಗಿ ಲೆಕ್ಕವನ್ನು ಮನಸ್ಸಿನಲ್ಲಿ ಉರ್ದುವಿನಲ್ಲಿ ಮಾಡಿ ಉತ್ತರವನ್ನು ಕನ್ನಡದಲ್ಲಿ ಬರೆಯುವವನು ನಾನು. ಇತಿಹಾಸ, ಭೂಗೋಳ, ಐಚ್ಛಿಕ ಕನ್ನಡ ನನ್ನ ವಿಷಯಗಳಾಗಿದ್ದವು. ಭೂಗೋಳವನ್ನು ನಾನಾಗಿ ಆರಿಸಿಕೊಂಡಿರಲಿಲ್ಲ. ಉಳಿದ ವಿಭಾಗಗಳಲ್ಲಿ ಸೀಟು ಮುಗಿದಿತ್ತು, ಅಷ್ಟೆ.

ಮೇಷ್ಟ್ರು ಬಾದಾಮಿ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತೈದು ವರ್ಷವಾಗಿದ್ದರೂ ಅವರ ಮಾತು ಮಲಪ್ರಭೆಯ ದಂಡೆ ಬಿಟ್ಟು ಬಂದಿರಲಿಲ್ಲ. ತೋಳು ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಸೀಮೆಸುಣ್ಣ, ಕೈಯಲ್ಲಿ ಪುಸ್ತಕ ಇಲ್ಲ. ಕಪ್ಪುಹಲಗೆಯ ಮುಂದೆ ನಿಂತು ಕೈ ಎತ್ತದೆ ಒಂದೇ ಎಳೆಯಲ್ಲಿ ಕರ್ನಾಟಕದ ನಕ್ಷೆ ಬರೆದುಬಿಡುತ್ತಿದ್ದರು. ಬೀದರಿನಿಂದ ಹೊರಟ ಗೆರೆ ರಾಯಚೂರು, ಬಳ್ಳಾರಿ, ಕೋಲಾರ ಸುತ್ತಿ, ಚಾಮರಾಜನಗರದಲ್ಲಿ ತಿರುಗಿ, ಕಡಲತೀರ ಹತ್ತಿ, ಬೆಳಗಾವಿ ದಾಟಿ ಮತ್ತೆ ಬೀದರಿಗೆ ಬಂದು ಸೇರುತ್ತಿತ್ತು. ಮೊದಲ ದಿನ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು.

ಎರಡನೇ ವಾರ ಅವರು ಹಾಗೆಯೇ ಒಂದು ನಕ್ಷೆ ಬರೆದು, ಒಬ್ಬೊಬ್ಬರೇ ಬಂದು ತಮ್ಮ ಊರಿನ ಜಾಗದಲ್ಲಿ ಚುಕ್ಕಿ ಇಡಬೇಕು ಎಂದರು. ಹಾಸನದವನು ಇಟ್ಟ, ಕನಕಪುರದವಳು ಇಟ್ಟಳು, ಮಾಗಡಿಯವನು ತುಮಕೂರಿನಲ್ಲಿ ಇಟ್ಟು ಬೈಸಿಕೊಂಡ. ನನ್ನ ಸರದಿ ಬಂತು. ನಾನು ಸೀಮೆಸುಣ್ಣ ಹಿಡಿದು ಬೆಂಗಳೂರಿನ ಕಡೆ ಕೈ ಚಾಚುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ಸರ್, ಅವನ ಊರಿಗೆ ನಕ್ಷೆ ಸಾಲೋದಿಲ್ಲ. ಇನ್ನೂ ಮೇಲಕ್ಕೆ, ಎಡಗಡೆ ಹೋಗಬೇಕು."

ತರಗತಿ ನಕ್ಕಿತು. ಅದರಲ್ಲಿ ದ್ವೇಷವಿತ್ತು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ಹದಿನೆಂಟರ ವಯಸ್ಸಿನ ಹುಡುಗರ ತಮಾಷೆ. ನಾನೂ ನಕ್ಕೆ. ಆದರೆ ನನ್ನ ಚುಕ್ಕಿ ಬೆಂಗಳೂರಿನ ಮೇಲೆ ಬೀಳಲಿಲ್ಲ, ಸೀಮೆಸುಣ್ಣ ಮುರಿದು ಎಲ್ಲೋ ಮಂಡ್ಯದ ಹತ್ತಿರ ಒಂದು ಗೀರು ಬಿತ್ತು.

ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ. ಮುರಿದ ತುಂಡನ್ನು ನೆಲದಿಂದ ಎತ್ತಿಕೊಂಡು, "ಇದಕ್ಕ ಸೀಮೆಸುಣ್ಣ ಅಂತ ಯಾಕ ಅಂತಾರ, ಗೊತ್ತೇನ್ರಿ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. "ಸೀಮೆ ಅಂದ್ರ ಪರದೇಶ. ಸೀಮೆಸುಣ್ಣ, ಸೀಮೆಎಣ್ಣಿ, ಸೀಮೆಬದನೀಕಾಯಿ. ಹೊರಗಿಂದ ಬಂದದ್ದು ಅಂತ ಹೆಸರಿನಾಗ ಬರದೈತಿ, ಆದರ ಇದಿಲ್ಲದ ಕನ್ನಡ ಸಾಲಿ ಒಂದರ ಐತೇನು? ರವಿವಾರ ಮುಂಜಾನೆ ಏಳಕ್ಕ ಎಲ್ಲಾರೂ ಲಾಲ್‌ಬಾಗಿಗೆ ಬರ್ರಿ. ಕೈಯಾಗ ನೋಟ್‌ಬುಕ್ ಇರಲಿ."

ಆ ಭಾನುವಾರದ ಪಾಠ ನನ್ನ ಬದುಕಿನ ಪಾಠಗಳಲ್ಲಿ ಒಂದು. ಮೇಷ್ಟ್ರು ಒಂದೊಂದು ಮರದ ಕೆಳಗೆ ನಿಲ್ಲಿಸಿ, ಅದರ ಹೆಸರು ಮತ್ತು ತವರೂರು ಬರೆಸುತ್ತಾ ಹೋದರು. ನಾವು ಆಟವಾಡುವಾಗ ಮೊಗ್ಗು ಕಿತ್ತು ಕೇಸರಗಳಿಂದ ಜಗಳ ಹಚ್ಚುತ್ತಿದ್ದ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ರಸ್ತೆಗೆಲ್ಲ ಕೊಡೆ ಹಿಡಿಯುವ ಮಳೆಮರ ಅಮೆರಿಕ ಖಂಡದ್ದು. ನೀಲಿ ಹೂವಿನ ಜಕರಾಂಡ ದಕ್ಷಿಣ ಅಮೆರಿಕದ್ದು. ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ನಮ್ಮದು ಎಂದು ನಾವು ತಿಳಿದಿದ್ದ ಪಟ್ಟಿಯಲ್ಲಿ ಕೊನೆಗೆ ಹೊಂಗೆ, ಅರಳಿ, ಆಲದಂಥ ಕೆಲವೇ ಮರಗಳು ಉಳಿದವು. ತೋಟವಾದರೂ ಯಾರದು? 1760ರಲ್ಲಿ ಹೈದರಾಲಿ ಶಿರಾದಲ್ಲಿದ್ದ ಮೊಗಲ್ ಮಾದರಿಯ ತೋಟವನ್ನು ನೋಡಿ ಇಲ್ಲಿ ಶುರುಮಾಡಿದ್ದು. ಟಿಪ್ಪು ಪರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ್ದು.

ಕೊನೆಗೆ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿಸಿದರು. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಈ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಮೇಷ್ಟ್ರು ಕಲ್ಲಿನ ಮೇಲೆ ಕೂತು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಇದೊಂದ ನೋಡ್ರಿ ಇಲ್ಲಿ ಮೂಲನಿವಾಸಿ. ಉಳಿದಾವೆಲ್ಲಾ ಬಂದಾವು. ನಿಮ್ಮ ಬನಶಂಕರಿ ತಾಯಿನೂ ನಮ್ಮ ಬಾದಾಮಿ ಹತ್ರದ ಚೊಳಚಗುಡ್ಡದಾಕಿ. ಆಕಿ ಅಲ್ಲಿಂದ ಬಂದಾಕಿ, ನಾನೂ ಅಲ್ಲಿಂದ ಬಂದಾಂವ" ಎಂದು ನನ್ನ ಕಡೆ ತಿರುಗಿ, "ಇಂವ ಒಬ್ಬ ಇಲ್ಲೇ ಹುಟ್ಟಿದಾಂವ" ಎಂದರು. ಹಿಂದಿನ ಬೆಂಚಿನ ಗೆಳೆಯ ತಲೆ ತಗ್ಗಿಸಿ ಕಲ್ಲನ್ನು ಕೆರೆಯುತ್ತಿದ್ದ. ಇವತ್ತಿಗೂ ಅವನು ನನ್ನ ಗೆಳೆಯನೇ.

ಬಂಡೆಯಿಂದ ಇಳಿಯುವಾಗ ಮೇಷ್ಟ್ರು ಕೃಂಬಿಗಲ್ ಅವರ ಹೆಸರು ಹೇಳಿದರು. ಲಾಲ್‌ಬಾಗಿನ ಪಕ್ಕದ ಕೃಂಬಿಗಲ್ ರಸ್ತೆಯಲ್ಲಿ ನಾನು ನೂರು ಸಲ ಓಡಾಡಿದ್ದೆ. ಅದು ಒಬ್ಬ ಮನುಷ್ಯನ ಹೆಸರೆಂದು ತಿಳಿದಿರಲಿಲ್ಲ.

ಗುಸ್ತಾವ್ ಹರ್ಮನ್ ಕೃಂಬಿಗಲ್ 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಹತ್ತಿರದ ಲೋಮನ್ ಎಂಬಲ್ಲಿ ಹುಟ್ಟಿದವರು. ತೋಟಗಾರಿಕೆ ಕಲಿತು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಅಲ್ಲಿಂದ ಬರೋಡದ ಸಯಾಜಿರಾವ್ ಗಾಯಕವಾಡರ ಸೇವೆಗೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನ ಅವರನ್ನು ಬೆಂಗಳೂರಿಗೆ ಕರೆಸಿಕೊಂಡಿತು. 1932ರವರೆಗೆ ಲಾಲ್‌ಬಾಗ್ ಅವರ ಕೈಯಲ್ಲಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಸೇರಿ ಕನ್ನಂಬಾಡಿಯ ಬೃಂದಾವನಕ್ಕೂ ದುಡಿದರು. ನಿವೃತ್ತರಾದ ಮೇಲೆ ಜರ್ಮನಿಗೆ ಮರಳಲಿಲ್ಲ. 1956ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಅವರು ಯಾವ ಕಾಲೇಜಿನಲ್ಲೂ ಭೂಗೋಳದ ಪ್ರೊಫೆಸರ್ ಆಗಿರಲಿಲ್ಲ. ಆದರೆ ನಮ್ಮ ಮೇಷ್ಟ್ರು, "ನನಗ ಭೂಗೋಳ ಕಲಿಸಿದ ಗುರು ಆತ. ನಾ ಹುಡುಗ ಇದ್ದಾಗನ ಸತ್ತ, ಆದರ ಪಾಠ ಎಲ್ಲಾ ರಸ್ತಾದ ಮ್ಯಾಲ ಬರದಿಟ್ಟು ಹೋದ" ಎನ್ನುತ್ತಿದ್ದರು. ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿಯ ಮರ ಹೂ ಬಿಡಬೇಕು, ವರ್ಷದಲ್ಲಿ ಒಂದು ದಿನವೂ ಊರು ಬರಿದಾಗಿ ಇರಬಾರದು ಎಂಬುದು ಕೃಂಬಿಗಲ್ ಅವರ ಯೋಜನೆ. ಅದನ್ನು ಮಾಡಲು ಗಿಡದ ಜ್ಞಾನವೊಂದೇ ಸಾಲದು, ಊರಿನ ಭೂಗೋಳ ಗೊತ್ತಿರಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಉಷ್ಣವಲಯದಲ್ಲಿದ್ದರೂ ಸುಡುವುದಿಲ್ಲ. ನೈಋತ್ಯ ಮುಂಗಾರೂ ತಲುಪುತ್ತದೆ, ಈಶಾನ್ಯ ಹಿಂಗಾರೂ ಮುಟ್ಟುತ್ತದೆ. ಹೀಗೆ ಎರಡು ಮಳೆ, ಹದವಾದ ಬಿಸಿಲು ಇರುವುದರಿಂದ ಮಡಗಾಸ್ಕರದ ಮರಕ್ಕೂ ಬ್ರೆಜಿಲ್ಲಿನ ಮರಕ್ಕೂ ಇದು ತವರಿನಂತೆ ಕಂಡಿತು. ಮೇಷ್ಟ್ರ ಪಾಠದಲ್ಲಿ ಇವೆಲ್ಲ ಒಂದಕ್ಕೊಂದು ಕೊಂಡಿಯಾಗಿ ಬರುತ್ತಿದ್ದವು. ಬಸವನಗುಡಿಯ ದಿಣ್ಣೆಯ ಮೇಲೆ ಬಿದ್ದ ಹನಿ ವೃಷಭಾವತಿಯಾಗಿ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಊರಿನ ಪೂರ್ವದ ಇಳಿಜಾರಿಗೆ ಬಿದ್ದ ಹನಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ ಎಂದು ಅವರು ಹೇಳಿದ ಮೇಲೆ, ಮಳೆ ಬಂದಾಗಲೆಲ್ಲ ನಾನು ನಮ್ಮ ಮೋರಿಯ ನೀರನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ನಮ್ಮ ಬನಶಂಕರಿಯ ರಸ್ತೆಗಳಿಗೆ ಕೃಂಬಿಗಲ್ ಗಿಡ ನೆಡಲಿಲ್ಲ. ಅವರ ಕಾಲದಲ್ಲಿ ಇದೆಲ್ಲ ಹೊಲ, ತೋಪು, ಕೆರೆ. ಆದರೆ ಅವರ ನಂತರ ಜವರಾಯರು, ಮರಿಗೌಡರು ಆ ಕೆಲಸ ಮುಂದುವರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಹೊಸ ಬಡಾವಣೆಗಳಿಗೆ ಲಕ್ಷಗಟ್ಟಲೆ ಸಸಿ ಹಾಕಿಸಿದರು. ನಾವು ಹುಡುಗರಾಗಿದ್ದಾಗ ಬೀದಿಯ ಸಸಿಗಳ ಸುತ್ತಲಿನ ಬೇಲಿಗೆ ಸೈಕಲ್ ಒರಗಿಸಿದ್ದಕ್ಕೆ ಅಬ್ಬಾ ಕೈಯಲ್ಲಿ ಏಟು ತಿಂದಿದ್ದೇನೆ.

ಆ ಭಾನುವಾರ ರಾತ್ರಿ ಅಬ್ಬಾನನ್ನು ಕೇಳಿದೆ. "ನಮ್ಮ ಊರು ಯಾವುದು?" ಅವರು ಟ್ಯೂಬಿನ ಪಂಕ್ಚರ್ ಹುಡುಕುತ್ತಾ ಬಕೆಟ್ಟಿನ ನೀರಿನಿಂದ ಕಣ್ಣು ಎತ್ತಲಿಲ್ಲ. "ನಿನ್ನ ದಾದಾನ ಹಿರಿಯರು ಶಿರಾ ಕಡೆಯವರಂತೆ. ನಾನು ಶಿರಾ ನೋಡಿಲ್ಲ. ನಿನ್ನ ದಾದಾ, ದಾದಿ ಇಬ್ಬರ ಕಬರ್ ಇಲ್ಲಿದೆ. ನಾಳೆ ನನ್ನದೂ ಇಲ್ಲೇ ಆಗುತ್ತೆ. ನಮ್ಮವರ ಕಬರ್ ಎಲ್ಲಿದೆಯೋ ಅದೇ ನಮ್ಮ ಊರು ಬೇಟಾ" ಎಂದರು.

ಕಥೆ ಬರೆಯುವವನಾದ ನನಗೆ ಇಷ್ಟಕ್ಕೆ ಲೇಖನ ಮುಗಿಸಿಬಿಡುವ ಆಸೆಯಿದೆ. ಆದರೆ ಬದುಕು ಮರದ ಉದಾಹರಣೆಯಷ್ಟು ನೇರವಾಗಿಲ್ಲ.

2010ರಲ್ಲಿ ನನಗೆ ಮಗಳು ಹುಟ್ಟಿದಳು. ಮನೆ ಸಣ್ಣದಾಯಿತು. ಬನಶಂಕರಿಯಲ್ಲೇ, ಬಸ್ ನಿಲ್ದಾಣಕ್ಕೆ ಹತ್ತಿರವಾಗಿ, ಎರಡು ಕೋಣೆಯ ಮನೆ ಹುಡುಕಲು ಹೊರಟೆ. 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ನೋಡಿ ಗೇಟು ತಟ್ಟುವುದು, ಮನೆ ನೋಡುವುದು, ಬಾಡಿಗೆ, ಅಡ್ವಾನ್ಸ್ ಮಾತಾಡುವುದು, ಕೊನೆಗೆ ಅವರು ಹೆಸರು ಕೇಳುವುದು. ಹೆಸರು ಹೇಳಿದ ಮೇಲೆ ಎಲ್ಲೂ ಯಾರೂ ಒರಟಾಗಿ ಮಾತಾಡಲಿಲ್ಲ. "ಮನೆಯವರನ್ನು ಕೇಳಿ ಫೋನ್ ಮಾಡುತ್ತೇವೆ" ಎಂದರು. "ನಿನ್ನೆಯೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು, ಮರೆತಿದ್ದೆ" ಎಂದರು. ಬೋರ್ಡು ಮಾತ್ರ ತಿಂಗಳುಗಟ್ಟಲೆ ನೇತಾಡುತ್ತಿತ್ತು. ಹೀಗೆ ಹನ್ನೊಂದು ಮನೆಗಳಾದವು.

ಹನ್ನೊಂದನೆಯ ಮನೆಯಿಂದ ನೇರವಾಗಿ ಮೇಷ್ಟ್ರ ಮನೆಗೆ ಹೋದೆ. ಅವರು ನಿವೃತ್ತರಾಗಿ ಜಯನಗರದಲ್ಲಿದ್ದರು. ಎಷ್ಟೋ ವರ್ಷಗಳ ಗೌರವವನ್ನೆಲ್ಲ ಬದಿಗಿಟ್ಟು ಅವರ ಮೇಲೆ ಕೂಗಾಡಿದೆ. "ಸರ್, ನೀವು ಹೇಳಿಕೊಟ್ಟಿದ್ದು ಸುಳ್ಳು. ಗುಲ್‌ಮೊಹರ್ ಯಾರ ಹತ್ತಿರವೂ ಬಾಡಿಗೆ ಮನೆ ಕೇಳುವುದಿಲ್ಲ. ಅದಕ್ಕೆ ಹೆಸರು ಕೇಳುವವರೂ ಇಲ್ಲ. ಇಲ್ಲೇ ಹುಟ್ಟಿದವನು ಎಂದು ನನ್ನನ್ನು ಬಂಡೆಯ ಮೇಲೆ ನಿಲ್ಲಿಸಿ ತೋರಿಸಿದಿರಲ್ಲ, ಏನಾಯಿತು?" ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದರು. "ನಡಿ, ನಾ ಬರ್ತೀನಿ. ನನ್ನ ಮಾತು ಕೇಳದವ್ರು ಈ ಏರಿಯಾದಾಗ ಯಾರದಾರ ನೋಡೋಣು" ಎಂದರು.

ಎರಡು ಭಾನುವಾರ ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ಒಂದು ಮನೆಯಲ್ಲಿ ಮಾಲೀಕರಿಗೆ ಮೇಷ್ಟ್ರ ಪರಿಚಯವಿತ್ತು. ಅವರ ಮಗ ಮೇಷ್ಟ್ರ ವಿದ್ಯಾರ್ಥಿಯಂತೆ. ಕುರ್ಚಿ ಹಾಕಿ ಕಾಫಿ ಕೊಟ್ಟರು, ಮಗನನ್ನು ಕರೆಸಿ ಕಾಲಿಗೆ ನಮಸ್ಕಾರ ಮಾಡಿಸಿದರು. ಮೇಷ್ಟ್ರು ನನ್ನ ವಿಷಯ ಹೇಳಿದರು. ನನ್ನ ಕಥೆಗಳ ವಿಷಯವನ್ನೂ ಹೆಮ್ಮೆಯಿಂದ ಹೇಳಿದರು. ಮಾಲೀಕರು ಎಲ್ಲವನ್ನೂ ಕೇಳಿ ಕೈ ಜೋಡಿಸಿ, "ನಿಮಗೆ ಬೇಕಾದರೆ ಈಗಲೇ ಕೀ ಕೊಡುತ್ತೇನೆ ಸರ್" ಎಂದರು. ಅಷ್ಟೇ ಹೇಳಿದ್ದು. ಅರ್ಧ ಲೋಟ ಕಾಫಿ ಅಲ್ಲೇ ಬಿಟ್ಟು ಮೇಷ್ಟ್ರು ಎದ್ದರು.

ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಒಂದು ದರ್ಶಿನಿಯ ಮುಂದೆ ಗಾಡಿ ನಿಲ್ಲಿಸಿದೆ. ಅವರು ಒಳಗೆ ಬರಲಿಲ್ಲ. ಬೀದಿಯ ಮರಕ್ಕೆ ಕೈ ಕೊಟ್ಟು ನಿಂತಿದ್ದರು. ಕೈ ನಡುಗುತ್ತಿತ್ತು. "ಮೂವತ್ತು ವರ್ಷ ಹುಡುಗರ ಕಡಿಂದ ಈ ಊರಿನ ನಕ್ಷಾ ಬರಿಸೀನಿ ತಮ್ಮಾ. ಈ ಗೆರಿ ನನಗ ಒಂದು ದಿನಾನೂ ಕಂಡಿರಲಿಲ್ಲ" ಎಂದರು. ಅವರು ಅಷ್ಟು ಸೋತಿದ್ದನ್ನು ನಾನು ನೋಡಿರಲಿಲ್ಲ. ಅವರ ಮೇಲೆ ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರ ಕಣ್ಣಿಗೆ ಅದನ್ನು ತೋರಿಸಿದವನು ನಾನೇ ಅಲ್ಲವೆ?

ನಮಗೆ ಮನೆ ಸಿಕ್ಕಿತು. ಹದಿನಾಲ್ಕನೆಯದು. ಮೇಷ್ಟ್ರ ಶಿಫಾರಸಿನಿಂದಲ್ಲ. ಗಂಡನನ್ನು ಕಳೆದುಕೊಂಡು ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ವಯಸ್ಸಾದ ಅಮ್ಮ ಒಬ್ಬರು ನನ್ನ ಹೆಸರು ಕೇಳಿ, ಹಣೆಯ ಕುಂಕುಮವಿಲ್ಲದ ಜಾಗವನ್ನು ಒರೆಸಿಕೊಂಡು, ಒಂದೇ ಪ್ರಶ್ನೆ ಹಾಕಿದರು. "ನೀರು ಎರಡು ದಿನಕ್ಕೊಮ್ಮೆ ಬಿಡುತ್ತಾರೆ, ಹುಷಾರಾಗಿ ಬಳಸುತ್ತೀರಾ ತಾನೆ?" ಆ ಮನೆಯಲ್ಲಿ ನಾವು ಏಳು ವರ್ಷ ಇದ್ದೆವು. ಶುಕ್ರವಾರ ಅವರು ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ದೇವಸ್ಥಾನಕ್ಕೆ ಹೊರಟರೆ, ನಾನು ಜುಮಾಗೆ ಹೋಗುವ ದಾರಿಯಲ್ಲಿ ಆಟೋ ಹಿಡಿದು ಕೊಡುತ್ತಿದ್ದೆ.

ಮನೆ ಸಿಕ್ಕ ಸುದ್ದಿ ಹೇಳಲು ಹೋದಾಗ ಮೇಷ್ಟ್ರು ಕೃಂಬಿಗಲ್ ಬದುಕಿನಲ್ಲಿ ತಾವು ನಮಗೆ ಹೇಳದೇ ಬಿಟ್ಟಿದ್ದ ಭಾಗವನ್ನು ಹೇಳಿದರು. 1914ರಲ್ಲೂ 1939ರಲ್ಲೂ ಯುದ್ಧ ಶುರುವಾದಾಗ ಜರ್ಮನಿ ಬ್ರಿಟಿಷರ ಶತ್ರುದೇಶವಾಯಿತು. ಭಾರತದಲ್ಲಿದ್ದ ಜರ್ಮನ್ನರನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿದರು. ಮಂಗಳೂರಿನಲ್ಲಿ ಹೆಂಚು, ಬಟ್ಟೆ, ಮುದ್ರಣದ ಕೆಲಸ ನಡೆಸುತ್ತಿದ್ದ ಬಾಸೆಲ್ ಮಿಷನ್ನಿನ ಆಸ್ತಿ ಮೊದಲ ಯುದ್ಧದ ಕಾಲದಲ್ಲಿ ಅವರ ಕೈ ತಪ್ಪಿತು. ಊರಿಗೆಲ್ಲ ನೆರಳು ಮಾಡಿದ ಕೃಂಬಿಗಲ್ ಅವರೂ ಆ ಸಂಶಯದ ನೆರಳಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ, ಮಹಾರಾಜರ ಜೊತೆ ಓದಿ ಬೆಳೆದ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1928ರಲ್ಲಿ ಸುಲ್ತಾನ್‌ಪೇಟೆಯ ಗಣಪತಿ ಪ್ರಕರಣ ಗಲಭೆಯಾಗಿ ಬೆಳೆದಾಗ, ಅವರ ಧರ್ಮವೇ ಅವರ ಮೇಲಿನ ಆರೋಪವಾಯಿತು. ಅವರ ಅಜ್ಜ ಅಲಿ ಅಸ್ಕರ್ ಕುದುರೆ ವ್ಯಾಪಾರಕ್ಕೆಂದು ಇರಾನಿನ ಶಿರಾಜಿನಿಂದ ಈ ಊರಿಗೆ ಬಂದು ಆಗಲೇ ನೂರು ವರ್ಷ ದಾಟಿತ್ತು. ಅದೇ ಮಿರ್ಜಾರ ಆಡಳಿತ, ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಬರ್ಲಿನ್ನಿನ ಸರ್ಕಾರಿ ಕೆಲಸ ಕಳೆದುಕೊಂಡಿದ್ದ ಆಟೋ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿಗೆ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟಿತು.

"ಅವತ್ತು ಲಾಲ್‌ಬಾಗಿನಾಗ ನಿಮಗ ಹೂವಿನ ಪಾಠ ಅಷ್ಟ ಮಾಡಿದ್ನಿ. ಮುಳ್ಳಿಂದು ಬಿಟ್ಟಿದ್ನಿ. ಅದು ನನ್ನ ತಪ್ಪು" ಎಂದರು.

ಮರುವರ್ಷ ಫೆಬ್ರವರಿಯಲ್ಲಿ ಅವರೇ ನನ್ನನ್ನು ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಕೃಂಬಿಗಲ್ ಅಲ್ಲಿ ಮಲಗಿದ್ದಾರೆ. ನಾನು ಏನೂ ಯೋಚಿಸಿರಲಿಲ್ಲ. ಆದರೆ ಸಮಾಧಿಯ ಮುಂದೆ ನಿಂತಾಗ ದಾದಾನ ಕಬರಿನ ಮುಂದೆ ನಿಂತ ಅಭ್ಯಾಸದಿಂದ ಕೈಗಳು ತಾವಾಗಿ ದುಆಗೆ ಎದ್ದವು. ಪರರ ಗೋರಿಯ ಮುಂದೆ ಇದು ಸರಿಯೋ ತಪ್ಪೋ ಎಂದು ಅಳುಕಿ ಅರ್ಧಕ್ಕೆ ಇಳಿಸಿದೆ. ಮೇಷ್ಟ್ರು ನೋಡಿ, "ಬೇಡಿಕೋ, ಬೇಡಿಕೋ, ಗಿಡಾ ನೆಟ್ಟಾಂವ" ಎಂದರು. ನೆಟ್ಟ ಗಿಡದಿಂದ ಒಂದು ಹಕ್ಕಿ ತಿಂದರೂ ಅದು ನೆಟ್ಟವನ ಹೆಸರಿನಲ್ಲಿ ಸದಖಾ ಎಂದು ಪ್ರವಾದಿಯವರು ಹೇಳಿದ್ದನ್ನು ನಾನು ಮದರಸಾದಲ್ಲಿ ಕಲಿತಿದ್ದೆ. ಅದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕುವವರಂತೆ ನಿಂತು, "ಹಂಗಾದ್ರ ಈ ಮನುಷ್ಯಾನ ಖಾತೆದಾಗ ಭಾಳ ಜಮಾ ಐತಿ ಬಿಡು" ಎಂದು ನಕ್ಕರು. ಅಬ್ಬಾನ ಮಾತು ಹೇಳಿದೆ. ಕಬರ್ ಎಲ್ಲಿದೆಯೋ ಅದೇ ಊರು. "ನಿಮ್ಮಪ್ಪ ಭೂಗೋಳದ ಮೇಷ್ಟ್ರು ಆಗಬೇಕಾಗಿತ್ತು" ಎಂದರು.

2016ರಲ್ಲಿ ಮೇಷ್ಟ್ರು ತೀರಿಕೊಂಡರು. ಬೂದಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟರೆಂದು ಆಮೇಲೆ ತಿಳಿಯಿತು. ಮರುವರ್ಷ ಲಾಲ್‌ಬಾಗಿನಲ್ಲಿ ಕೃಂಬಿಗಲ್ ಹೆಸರಿನ ಹಳೆಯ ಸಭಾಂಗಣ ಮಳೆಗೆ ಕುಸಿದು ಬಿತ್ತು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದ ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಲು ಮೊಬೈಲ್ ಕೈಗೆತ್ತಿಕೊಂಡೆ. ಆಮೇಲೆ ನೆನಪಾಯಿತು.

ಅಬ್ಬಾನ ಲೆಕ್ಕದಲ್ಲಿ ಮೇಷ್ಟ್ರಿಗೆ ಊರೇ ಇಲ್ಲ. ಹೋಗಿ ನಿಲ್ಲಲು ಒಂದು ಗೋರಿ ಇಲ್ಲ. ಹಾಗಾಗಿ ಅವರ ನೆನಪಾದಾಗ ನಾನು ಬನಶಂಕರಿಯಿಂದ ಮೆಟ್ರೊ ಹತ್ತಿ ಲಾಲ್‌ಬಾಗಿಗೆ ಹೋಗಿ ಆ ಬಂಡೆಯ ಮೇಲೆ ಕೂರುತ್ತೇನೆ. ಒಂದು ಸಲ ಮಗಳನ್ನೂ ಕರೆದುಕೊಂಡು ಹೋಗಿ ಮರಗಳ ತವರೂರು ಹೇಳಿದೆ. ಹದಿನಾಲ್ಕು ಮನೆಗಳ ಕಥೆಯನ್ನೂ ಹೇಳಿದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡಬಾರದು ಎಂಬುದು ಮೇಷ್ಟ್ರು ನನಗೆ ಕಲಿಸಿದ ಕೊನೆಯ ಪಾಠ.

"ಅಬ್ಬಾ, ಏನು ಬರೀಲಿ?" ಎಂದು ಮಗಳು ಮತ್ತೆ ಕೇಳಿದಳು. "ನೀನು ಹುಟ್ಟಿದ್ದು ಎಲ್ಲಿ?" ಎಂದೆ. ಅವಳು 'ಬನಶಂಕರಿ, ಬೆಂಗಳೂರು' ಎಂದು ಬರೆದಳು. ಅಕ್ಷರ ದುಂಡಗಿತ್ತು. ನಾನು ಕೆಳಗೆ ಪೋಷಕರ ಜಾಗದಲ್ಲಿ ಸಹಿ ಹಾಕಿದೆ.